ಹಸಿರು ನ್ಯಾಯಮಂಡಳಿಯೋ, ಹೈಕೋರ್ಟೋ?

ಊರ ಕೆರೆಯಂಗಳಕ್ಕೆ ಟಿಪ್ಪರುಗಳು ರಾತ್ರೋರಾತ್ರಿ ಕಟ್ಟಡದ ಅವಶೇಷ ಸುರಿಯುತ್ತಿದ್ದರೆ, ದೂರನ್ನು ಎಲ್ಲಿಗೆ ಒಯ್ಯಬೇಕೆಂಬುದು ಮೊದಲಿಗೆ ಅವಧಿಯ ಪ್ರಶ್ನೆ. ಪರಿಸರ ವಿವಾದಗಳನ್ನು ಆಲಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯಂತೆ, ವಿವಾದದ ಕಾರಣ ಮೊದಲು ತಲೆದೋರಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅಷ್ಟೇ. ಆದ್ದರಿಂದ ಮೊದಲ ಲೋಡಿನ ದಿನಾಂಕ ಕಾಣುವ ಫೋಟೊ ಬಹಳ ಮುಖ್ಯ. ಹೈಕೋರ್ಟಿನ ರಿಟ್ ಅರ್ಜಿಗೆ, ಅಂದರೆ ಹಕ್ಕಿನ ರಕ್ಷಣೆಗೆ ಆದೇಶ ಕೋರುವ ಅರ್ಜಿಗೆ, ಇಂಥ ಗೆರೆಯಿಲ್ಲ, ಆದರೆ ವಿಳಂಬಕ್ಕೆ ವಿವರಣೆ ಕೊಡಬೇಕಾಗುತ್ತದೆ.

ವೆಚ್ಚದಲ್ಲಿ ಹಸಿರು ಮಂಡಳಿ ಹಗುರ: ಪರಿಹಾರ ಕೇಳದ ಅರ್ಜಿಗೆ 2011ರ ನಿಯಮಗಳು ಗೊತ್ತುಪಡಿಸಿದ ಶುಲ್ಕ 1,000 ರೂಪಾಯಿ. ಆದರೆ ಅದರ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಹೈಕೋರ್ಟ್ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿ ಸಿಗುತ್ತದೆ.

ತಾಂತ್ರಿಕ ವಿಷಯಗಳಿಗೆ, ಅಂದರೆ ನೀರಿನ ಮಾದರಿ, ಹೊಗೆಯ ಪ್ರಮಾಣ, ಪರಿಸರ ಅನುಮತಿಯ ಲೋಪ ಮುಂತಾದವಕ್ಕೆ, ತಜ್ಞ ಸದಸ್ಯರಿರುವ ಮಂಡಳಿಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಆದರೆ ಅದರ ವ್ಯಾಪ್ತಿ ಏಳು ಕಾಯ್ದೆಗಳಿಗೆ ಸೀಮಿತವಾಗಿದ್ದು, 1972ರ ವನ್ಯಜೀವಿ ಕಾಯ್ದೆ ಆ ಪಟ್ಟಿಯಲ್ಲಿಲ್ಲ.

ಸರ್ಕಾರದ ಹವಾಮಾನ ನೀತಿಯನ್ನೇ ಪ್ರಶ್ನಿಸುವುದಾದರೆ ಲೆಕ್ಕ ತಿರುಗುತ್ತದೆ. ಉತ್ತರಾಖಂಡದ ಬಾಲಕಿಯೊಬ್ಬಳು ಅಂಥದ್ದೇ ಅರ್ಜಿ ಹಾಕಿದಾಗ ಮಂಡಳಿ 2019ರಲ್ಲಿ ಅದನ್ನು ಮುಕ್ತಾಯಗೊಳಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿರುವುದರಿಂದ, ಹಕ್ಕಿನ ನೆಲೆಯ ವಾದಕ್ಕೆ ಹೈಕೋರ್ಟೇ ಸಹಜ ದಾರಿ. ಕೆರೆಯ ಟಿಪ್ಪರುಗಳ ದೂರನ್ನು ಅಲ್ಲಿಗೆ ಒಯ್ದರೆ ಮಾತ್ರ, ಮೊದಲು ಮಂಡಳಿಗೆ ಹೋಗಿ ಎನ್ನುವ ಸಾಧ್ಯತೆ ಇದ್ದೇ ಇದೆ.