ದಂಡಕ್ಕೆ ಹೆದರಿ ಆ ಟ್ಯೂನಾ ತಿಂದೆ

ಅನ್‌ಲಿಮಿಟೆಡ್ ಸುಶಿ, ಅಂದರೆ ಅನ್ನ-ಮೀನಿನ ಜಪಾನಿ ತಿನಿಸು, ತಿನ್ನಲು ಹೋಗುವವರು ಇದನ್ನೊಮ್ಮೆ ಓದಿಕೊಂಡು ಹೋಗಿ. ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನನಗಾದದ್ದು ನಿಮಗೆ ಆಗುವುದು ಬೇಡ, ಅಷ್ಟೇ.

ಹೋಗಿದ್ದು ಮೂವರು. ನಾನು, ನನ್ನ ಗೆಳತಿ, ಅವಳ ತಮ್ಮ. ಹೋಟೆಲ್ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದರ ಪಾಡಿಗೆ ಅದು ನಡೆಯಲಿ. ತಲೆಗೆ ಒಂದೇ ದರ, 90 ನಿಮಿಷ ಟೈಮು. ಟೇಬಲ್ ಮೇಲೊಂದು ಟ್ಯಾಬ್ಲೆಟ್ ಇಟ್ಟಿದ್ದರು, ಒತ್ತಿದ್ದೆಲ್ಲ ಬರುತ್ತಿತ್ತು. ಪಕ್ಕದಲ್ಲೇ ಒಂದು ಚಿಕ್ಕ ಕಾರ್ಡು. ತಟ್ಟೆಯಲ್ಲಿ ಬಿಟ್ಟ ಪ್ರತಿ ತುಂಡಿಗೂ ಬೇರೆ ಚಾರ್ಜು. ಅನ್ನ ಬಿಟ್ಟು ಮೀನು ಮಾತ್ರ ತಿಂದರೂ ಚಾರ್ಜು. ಓದಿ ನಕ್ಕೆವು. ನಾವೇನು ಬಿಡುವವರಾ?

ಮೊದಲ ಸುತ್ತು ನಿಜಕ್ಕೂ ಚೆನ್ನಾಗಿತ್ತು. ಎರಡನೆಯದರಲ್ಲೇ ಲೆಕ್ಕ ಅರ್ಥವಾಯಿತು. ನಿಗಿರಿ ಅಂದರೆ ವಿನೆಗರ್ ಬೆರೆಸಿದ ಅನ್ನದ ಪುಟ್ಟ ಉಂಡೆ, ಮೇಲೊಂದು ಮೀನಿನ ಹೋಳು. ಒಂದೇ ಬಾಯಿಗೆ ಹೋಗಬೇಕು. ಇಲ್ಲಿ ಉಂಡೆ ಎರಡು ಬಾಯಿಗಾಗುವಷ್ಟಿತ್ತು. ಮೇಲಿನ ಮೀನು ಎಷ್ಟು ತೆಳು ಅಂದರೆ ಅಡಿಯ ಅನ್ನದ ಕಾಳು ಎಣಿಸಬಹುದು. ಮೀನು ದುಬಾರಿ, ಅನ್ನ ಅಗ್ಗ. ಹೊಟ್ಟೆ ಬೇಗ ತುಂಬಿಸಿ ಕಳಿಸುವುದೇ ಈ ವ್ಯಾಪಾರದ ಗುಟ್ಟು. ಬರೀ ಮೀನಿನ ಹೋಳುಗಳು, ಅಂದರೆ ಸಾಶಿಮಿ, ತಲೆಗೆ ಒಂದೇ ಸಲ ಅಂತ ಮೆನುವಿನ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು. ಇದನ್ನು ನಾನು ಮೋಸ ಅನ್ನುವುದಿಲ್ಲ. ಆಟದ ನಿಯಮ ಅವರದ್ದು, ಆಡಲು ಕೂತವರು ನಾವು.

ಗೆಳತಿಯ ತಮ್ಮ ಜಾಣತನ ತೋರಿಸಲು ಹೋಗಿ ನಾಲ್ಕು ಉಂಡೆ ಅನ್ನವನ್ನು ಖಾಲಿ ಸೂಪ್ ಬಟ್ಟಲಿಗೆ ತುರುಕಿ ಮುಚ್ಚಳ ಹಾಕಿಟ್ಟ. ತಟ್ಟೆ ಎತ್ತಲು ಬಂದ ಹುಡುಗ ಮೊದಲು ಎತ್ತಿದ್ದೇ ಆ ಮುಚ್ಚಳ! ಮಾತಾಡಲಿಲ್ಲ. ಮುಚ್ಚಳ ವಾಪಸ್ ಇಟ್ಟು, ಕಾರ್ಡನ್ನು ನಮ್ಮ ಕಡೆ ಒಂದಿಷ್ಟು ಸರಿಸಿ ಹೋದ. ನಾಚಿಕೆಯಿಂದ ಮೂವರೂ ಆ ಅನ್ನ ಹಂಚಿಕೊಂಡು ತಿಂದೆವು. ಮುಂದಿನ ಎಡವಟ್ಟಿಗೆ ಅಲ್ಲೇ ಬೀಜ ಬಿತ್ತು.

ಇನ್ನು ಇಪ್ಪತ್ತು ನಿಮಿಷ ಇರುವಾಗ ಟ್ಯಾಬ್ಲೆಟ್ ಮೇಲೆ 'ಕೊನೆಯ ಆರ್ಡರ್' ಅಂತ ಬಂತು. ಹಸಿವು ಎಂದೋ ಸತ್ತಿತ್ತು, ಆದರೂ ಗಡಿಬಿಡಿಯಲ್ಲಿ ಎಂಟು ಟ್ಯೂನಾ ನಿಗಿರಿ ಒತ್ತಿದೆವು. ದುಡ್ಡು ವಸೂಲಿ ಆಗಬೇಕಲ್ಲ! ಬಂದದ್ದು ನೋಡಲು ಭಾರಿ ಚೆಂದ. ಹೊಳೆಯುವ ಕೆಂಪು. ಗೆಳತಿ ಫೋಟೋ ಕೂಡ ತೆಗೆದಳು.

ಮೊದಲ ತುಂಡು ಬಾಯಿಗಿಟ್ಟಾಗ ನಾಲಿಗೆ ಚುರುಗುಟ್ಟಿತು. ಕಾಳುಮೆಣಸು ಕಚ್ಚಿದ ಹಾಗೆ. ವಸಾಬಿ, ಅಂದರೆ ಸುಶಿ ಜೊತೆ ಕೊಡುವ ಹಸಿರು ಖಾರದ ಪೇಸ್ಟು, ಇರಬೇಕು ಅಂದುಕೊಂಡೆ. ಆದರೆ ವಸಾಬಿಯ ಖಾರ ಮೂಗಿಗೆ ಏರುತ್ತದೆ, ಕ್ಷಣದಲ್ಲಿ ಇಳಿಯುತ್ತದೆ. ಇದು ನಾಲಿಗೆಯ ತುದಿಯಲ್ಲಿ, ತುಟಿಯಲ್ಲಿ ನಿಂತೇ ಇತ್ತು. ಗೆಳತಿಯೂ ಒಂದು ತಿಂದು, "ಒಂಥರಾ ಇದೆ ಅಲ್ವೇನೇ?" ಅಂದಳು. ಹೌದು ಅಂದೆ. ಇಬ್ಬರೂ ತಟ್ಟೆ ನೋಡಿದೆವು. ಇನ್ನೂ ಆರು. ಆರು ತುಂಡಿಗೆ ದಂಡ ಎಷ್ಟಾಗುತ್ತದೆ ಅಂತ ಅವಳು ಬಾಯಲ್ಲೇ ಲೆಕ್ಕ ಹಾಕಿದಳು. ಅವಳ ತಮ್ಮ ಬೆಳಿಗ್ಗೆಯಿಂದ ಉಪವಾಸ ಇದ್ದವನಂತೆ ಸಾಲ್ಮನ್ ತಿಂದು ಗೋಡೆಗೆ ಒರಗಿಬಿಟ್ಟಿದ್ದ, ಅವನಿಂದ ಸಹಾಯ ಇಲ್ಲ. ನಾನು ಐದು ನುಂಗಿದೆ, ಅವಳು ಒಂದು. ಸೋಯಾ ಸಾಸ್‌ನಲ್ಲಿ ಅದ್ದಿ, ಶುಂಠಿ ಉಪ್ಪಿನಕಾಯಿ ಸೇರಿಸಿ, ನೀರು ಕುಡಿದು. ಬರೆಯುವಾಗ ನನಗೇ ಬೇಜಾರಾಗುತ್ತಿದೆ. ಬೇಡ ಅಂತ ನಾಲಿಗೆ ಹೇಳಿತ್ತು, ಕೇಳಿದ್ದು ಮಾತ್ರ ಕಾರ್ಡಿನ ಮಾತು.

ಬಿಲ್ ಕೊಡುವಾಗಲೇ ಕಿವಿ ಬಿಸಿಯಾಯಿತು. "ಏನೇ, ಮುಖ ಯಾಕೆ ಹಿಂಗೆ ಕೆಂಪಗಾಗಿದೆ?" ಅಂತ ಗೆಳತಿ ಕೇಳಿದಳು. ಕನ್ನಡಿಯಲ್ಲಿ ನೋಡಿದರೆ ಕುತ್ತಿಗೆಯಿಂದ ಹಣೆಯವರೆಗೆ ಬಿಸಿಲಲ್ಲಿ ಸುಟ್ಟ ಹಾಗೆ. ಎದೆ ಢವಢವ. ತಲೆ ಸಿಡಿತ. ಕಾರು ಹತ್ತುವಷ್ಟರಲ್ಲಿ ಹೊಟ್ಟೆಯೂ ಶುರು ಮಾಡಿತು. ಗೆಳತಿಗೆ ಎರಡು ತುಂಡಿಗೆ ಕೆನ್ನೆ ಮಾತ್ರ ಕೆಂಪಾಯಿತು. ತಮ್ಮನಿಗೆ ಏನೂ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಎರಡೇ ಪ್ರಶ್ನೆ. ಯಾವ ಮೀನು? ಜೊತೆಗೆ ತಿಂದವರಿಗೂ ಆಯಿತಾ? ಇದು ಅಲರ್ಜಿ ಅಲ್ಲ, ಹಿಸ್ಟಮಿನ್ ವಿಷ ಅಂದರು. ಟ್ಯೂನಾ, ಬಂಗುಡೆ, ಭೂತಾಯಿಯಂಥ ಮೀನುಗಳಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ ಇರುತ್ತದಂತೆ. ಹಿಡಿದ ಮೇಲೆ ಸರಿಯಾಗಿ ತಣ್ಣಗೆ ಇಡದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿ ಆದಾಗ ನಮ್ಮ ಮೈಯೊಳಗೇ ಹೊರಬರುವ ವಸ್ತು, ಇಲ್ಲಿ ಮೀನಿನಲ್ಲೇ ರೆಡಿಯಾಗಿ ಬಂದಿರುತ್ತದೆ. ಒಮ್ಮೆ ಆಯಿತೋ, ಬೇಯಿಸಿದರೂ ಹೋಗದು, ಫ್ರೀಜರ್‌ನಲ್ಲಿಟ್ಟರೂ ಹೋಗದು. ಮೀನು ನೋಡಲು, ಮೂಸಲು ಸರಿಯಾಗೇ ಇರಬಹುದು. ಕೆಲವೊಮ್ಮೆ ಸುಳಿವು ಸಿಗುವುದು ಆ ಚುರುಗುಟ್ಟುವಿಕೆಯಲ್ಲಿ ಮಾತ್ರ. ಆಂಟಿಹಿಸ್ಟಮಿನ್ ಕೊಟ್ಟರು, ರಾತ್ರಿಯೊಳಗೆ ಕೆಂಪು ಇಳಿಯಿತು, ತಲೆನೋವು ಮರುದಿನ ಹೋಯಿತು. ಯಾರಿಗಾದರೂ ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಮಾತ್ರ ಮನೆಯಲ್ಲಿ ಕೂತು ಕಾಯಬೇಡಿ. ನೇರ ತುರ್ತು ಚಿಕಿತ್ಸೆಗೆ ಹೋಗಿ.

'ನಮ್ಮ ಮೀನು ಫ್ರೀಜ್ ಮಾಡಿದ್ದು, ಸೇಫ್' ಅಂತ ಹಾಕಿರುವ ಬೋರ್ಡನ್ನು ಪೂರ್ತಿ ನಂಬಬೇಡಿ. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಮೀನಿನೊಳಗಿನ ಹುಳುಗಳು ಸಾಯುತ್ತವೆ, ಅದು ನಿಜ. ಹಿಸ್ಟಮಿನ್ ಸಾಯಲು ಅದೇನು ಹುಳುವೇ? ಬಣ್ಣವನ್ನೂ ನಂಬಬೇಡಿ. ಟ್ಯೂನಾ ಹಳೆಯದಾಗುತ್ತ ಕಂದು ತಿರುಗುವುದು ಸಹಜ. ಕಾರ್ಬನ್ ಮೊನಾಕ್ಸೈಡ್ ಅನಿಲ ಹಾಯಿಸಿದರೆ ದಿನಗಟ್ಟಲೆ ಕೆಂಪಾಗೇ ಇರುತ್ತದೆ. ಜಪಾನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ ಅನುಮತಿ ಇಲ್ಲ, ಅಮೆರಿಕದಲ್ಲಿ ಇದೆ. ನಾನು ತಿಂದದ್ದು ಅಂಥದ್ದೇ ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ಆ ಹೊಳಪು ನೆನೆಸಿಕೊಂಡರೆ ಅನುಮಾನವಂತೂ ಇದೆ.

ಮೆನುವಿನಲ್ಲಿ 'ವೈಟ್ ಟ್ಯೂನಾ' ಅಂತ ಕಂಡರೆ ಯಾವ ಮೀನು ಅಂತ ಕೇಳಿ. ಆ ಹೆಸರಲ್ಲಿ ಎಸ್ಕೊಲಾರ್ ಅನ್ನುವ ಬೇರೆಯೇ ಮೀನು ಬರುವುದುಂಟು. ಅದರ ಕೊಬ್ಬು ಒಂಥರಾ ಮೇಣ, ನಮಗೆ ಜೀರ್ಣವಾಗದು. ಒಂದೆರಡು ತುಂಡಿಗೆ ಬಹಳ ಜನಕ್ಕೆ ಏನೂ ಆಗದು, ಲೆಕ್ಕವಿಲ್ಲದೆ ತಿಂದರೆ ಎಣ್ಣೆ ಎಣ್ಣೆಯಾಗಿ ತಾನೇ ಹೊರಬರುತ್ತದೆ, ನೀವು ತಡೆಯುವಂತಿಲ್ಲ. ಜಪಾನ್‌ನಲ್ಲಿ ಇದರ ಮಾರಾಟ 1977ರಿಂದ ನಿಷೇಧ. ಮತ್ತೆ ಸ್ಪೈಸಿ ಟ್ಯೂನಾ ರೋಲ್. ಮೂಳೆಗಂಟಿದ ಮಾಂಸ ಕೆರೆದು, ಖಾರದ ಸಾಸ್ ಕಲಸಿ ಮಾಡುವುದು ಬಹಳ ಕಡೆ ರೂಢಿ. ಸಾಸ್‌ನಡಿ ರುಚಿ ತಿಳಿಯುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಇಂಥ ಕೆರೆದ ಟ್ಯೂನಾದಿಂದ 425 ಜನರಿಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು.

ನಾನೀಗ ಒಂದು ಸಲಕ್ಕೆ ಎರಡೇ ತುಂಡು ಹೇಳುತ್ತೇನೆ. 90 ನಿಮಿಷ ಸಣ್ಣ ಸಮಯ ಅಲ್ಲ, ಸುಮ್ನೆ ಗಾಬರಿ ಬೀಳುತ್ತೇವೆ. ನಾಲಿಗೆ ಚುರುಗುಟ್ಟಿದರೆ ಅಲ್ಲೇ ಉಗಿದು, ತಟ್ಟೆ ವಾಪಸ್ ಕಳಿಸುತ್ತೇನೆ. ಕೆಟ್ಟ ತುಂಡಿಗೂ ದಂಡ ಹಾಕಿದರೆ ಮ್ಯಾನೇಜರ್ ಕರೆಸಿ. ಆಗಲೂ ಕೇಳದಿದ್ದರೆ ದುಡ್ಡು ಬಿಸಾಕಿ ಎದ್ದುಬನ್ನಿ. ನನ್ನ ಆಸ್ಪತ್ರೆ ಬಿಲ್ ಮುಂದೆ ಆ ಆರು ತುಂಡಿನ ದಂಡ ಏನೇನೂ ಅಲ್ಲ.

ಮರುದಿನ ಹೋಟೆಲ್‌ಗೆ ಫೋನ್ ಮಾಡಿದೆ. "ನಿಮಗೆ ಮೀನು ಅಲರ್ಜಿ ಇರಬೇಕು ಮೇಡಂ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಇಬ್ಬರಿಗೆ ಆಗಿದೆ ಅಂದೆ. ಲೈನಿನಲ್ಲೇ ಕಾಯಿಸಿ, ಮುಂದಿನ ಸಲ ಬಂದರೆ ಒಬ್ಬರಿಗೆ ಫ್ರೀ ಅಂದರು! ಆಹಾರ ಸುರಕ್ಷತೆಯವರಿಗೆ ಬರೆದು ಹಾಕಿದೆ. ಅವರು ಕೇಳಿದ್ದು ಬಿಲ್, ತಿಂದ ಹೊತ್ತು, ಡಾಕ್ಟರ್ ಚೀಟಿ, ಮತ್ತೆ ಮೀನಿನ ತುಂಡು ಉಳಿದಿದೆಯಾ ಅಂತ. ಮೊದಲ ಮೂರು ಇದ್ದವು. ಒಂದು ತುಂಡೂ ಬಿಡದೆ ತಿಂದಿದ್ದೇವೆ ಅಂದೆ.