ನೆರಳಿನ ಹಿತ್ತಲಿಗೆ ಮೂರು ನೀಲಿ ಹೋಸ್ಟಾ: ಯಾವುದು ಗೆದ್ದಿತು?

ಮಿಷಿಗನ್‌ನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಓಕ್, ಒಂದು ಮೇಪಲ್ ಮರ ಇವೆ. ಬೆಳಿಗ್ಗೆ ಎರಡು ತಾಸು ಬಿಸಿಲು, ಆಮೇಲೆ ಪೂರ್ತಿ ನೆರಳು. ಹುಲ್ಲೂ ಸರಿಯಾಗಿ ಬರದ ಆ ಜಾಗದಲ್ಲಿ ಆರು ವರ್ಷದ ಹಿಂದೆ ಮೂರು ದೊಡ್ಡ ಜಾತಿಯ ಹೋಸ್ಟಾ (ಎಲೆಯ ಅಂದಕ್ಕಾಗಿ ನೆರಳಲ್ಲಿ ಬೆಳೆಸುವ ಗಿಡ) ನೆಟ್ಟೆ: ಎಲಿಗನ್ಸ್, ಬಿಗ್ ಡ್ಯಾಡಿ, ಬ್ಲೂ ಏಂಜಲ್. ಅಮ್ಮ ಬಂದಿದ್ದಾಗ ನೋಡಿ, "ಕೆಸುವಿನ ಎಲೆ ಇದ್ದ ಹಾಗಿದೆಯಲ್ಲೇ, ಪತ್ರೊಡೆ ಆಗುತ್ತಾ?" ಅಂದಿದ್ದರು. ಜಪಾನಿನಲ್ಲಿ ಕೆಲವು ಹೋಸ್ಟಾಗಳ ಎಳೆ ಚಿಗುರನ್ನು ಅಡುಗೆಗೆ ಬಳಸುತ್ತಾರೆ ಅಂದಾಗ ಅವರಿಗೆ ತುಂಬಾ ಖುಷಿಯಾಯಿತು.

ಮೊದಲು ಬಣ್ಣದ ಮಾತು. ಎಲೆ ನಿಜಕ್ಕೂ ಹಸಿರೇ. ಮೇಲಿರುವ ತೆಳುವಾದ ಮೇಣದಿಂದ ನೀಲಿ ಕಾಣುತ್ತದೆ. ಬೂದುಗುಂಬಳದ ಮೇಲೆ ಬೂದಿ ಇರುತ್ತದಲ್ಲ, ಹಾಗೆ. ಉಜ್ಜಿದರೆ ಹೋಯ್ತು. ಮಧ್ಯಾಹ್ನದ ಬಿಸಿಲು, ಜೋರು ಮಳೆ, ಪೈಪಿನ ನೀರು ಎಲ್ಲವೂ ಅದನ್ನು ಅಳಿಸುತ್ತವೆ. ಅದಕ್ಕೇ ನಾನು ಬುಡಕ್ಕೆ ಮಾತ್ರ ನೀರು ಹಾಕುತ್ತೇನೆ.

ಎಲಿಗನ್ಸ್ ಹಳೆಯ ತಳಿ, ಜರ್ಮನಿಯ ಗೆಯೋರ್ಗ್ ಆರೆಂಡ್ಸ್ 1905ರಲ್ಲಿ ಕೊಟ್ಟಿದ್ದು. ಇದು ಮೂರು ವರ್ಷ ಸುಮ್ನೆ ಕೂತಿತ್ತು. ಜಾತಿಯೇ ನಿಧಾನ, ಜೊತೆಗೆ ನಾನು ಮೇಪಲ್ ಹತ್ತಿರ ನೆಟ್ಟಿದ್ದೆ. ಮೇಪಲ್ ಬೇರು ಮೇಲ್ಮಣ್ಣಲ್ಲೇ ಹರಡಿ ನೀರನ್ನೆಲ್ಲ ಕುಡಿದುಬಿಡುತ್ತದೆ. ಐದು ಅಡಿ ಆಚೆ ಸರಿಸಿದ ಮೇಲೆ ಚೇತರಿಸಿಕೊಂಡಿತು. ಈಗ ದುಂಡಗಿನ, ಸುಕ್ಕುಸುಕ್ಕಾದ ಚೆಂದದ ಎಲೆ ಬಿಡುತ್ತಿದೆ.

ಬಿಗ್ ಡ್ಯಾಡಿಯ ಎಲೆ ದೊನ್ನೆಯ ಹಾಗೆ. ಮೂರರಲ್ಲಿ ಅತಿ ಗಾಢ ನೀಲಿ ಇದೇ, ಆಗಸ್ಟ್‌ವರೆಗೂ ಉಳಿಯುತ್ತದೆ. ಎಲೆ ಎಷ್ಟು ದಪ್ಪ ಅಂದರೆ ಚಿಪ್ಪಿಲ್ಲದ ಬಸವನಹುಳುಗಳು ಇದರ ಹತ್ತಿರ ಸುಳಿಯುವುದೇ ಕಡಿಮೆ. ಆದರೆ ಮೇ ತಿಂಗಳಲ್ಲಿ ಓಕ್ ಮರದ ಹೂವಿನ ಎಳೆಗಳು, ಆಮೇಲೆ ಮೇಪಲ್ ಬೀಜಗಳು ಆ ದೊನ್ನೆಗಳಲ್ಲೇ ತುಂಬುತ್ತವೆ. ಮಳೆ ಬಂದರೆ ಅಲ್ಲೇ ಕೊಳೆತು ಕಂದು ಕಲೆ ಬೀಳುತ್ತದೆ. ಕೈಯಿಂದ ತೆಗೆಯಲು ಹೋದರೆ ಮೇಣ ಅಳಿಸುತ್ತದೆ. ಮರದ ಕೆಳಗೆ ಇದನ್ನು ನೆಡಲೇಬಾರದು.

ಬ್ಲೂ ಏಂಜಲ್ ಎಲೆ ಚಪ್ಪಟೆ, ತುದಿ ಕೆಳಕ್ಕೆ ಬಾಗಿರುತ್ತದೆ. ಬಿದ್ದಿದ್ದೆಲ್ಲ ಜಾರಿಹೋಗುತ್ತದೆ. ಈಗ ಮೂರಡಿ ಎತ್ತರ, ನಾಲ್ಕೂವರೆ ಅಡಿ ಅಗಲ. ಜುಲೈ ಕೊನೆಗೆ ಹಸಿರಿಗೆ ತಿರುಗುತ್ತದೆ, ಕೆಳಗಿನ ಎಲೆಗಳಲ್ಲಿ ಒಂದೆರಡು ತೂತೂ ಆಗುತ್ತವೆ. ಆದರೂ ಅದರ ಗತ್ತೇ ಬೇರೆ. ಒಂದೇ ಗಿಡ ತರುವುದಾದರೆ ನಾನು ಇದನ್ನೇ ತರುತ್ತೇನೆ.

ಜಿಂಕೆಗೆ ಮಾತ್ರ ಮೂರೂ ಒಂದೇ. ಬಲೆ ಕಟ್ಟದಿದ್ದರೆ ಬೆಳಿಗ್ಗೆ ಬರೀ ದಂಟು ಇರುತ್ತದೆ.

ಬೆಂಗಳೂರಿಗೆ ತಂದುಕೊಡು ಅಂತ ಅಕ್ಕ ಕೇಳುತ್ತಲೇ ಇರುತ್ತಾಳೆ. ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿದರೆ ಮಾತ್ರ ಇದು ಚೆನ್ನಾಗಿ ಚಿಗುರುತ್ತದೆ. ಆ ಚಳಿ ಅಲ್ಲಿಲ್ಲ ಅಲ್ವಾ?

ಈ ಏಪ್ರಿಲ್‌ನಲ್ಲಿ ಮೊಳಕೆ ಕಂಡ ಕೂಡಲೇ ಬಿಗ್ ಡ್ಯಾಡಿಯನ್ನು ಮನೆಯ ಉತ್ತರದ ಗೋಡೆ ಪಕ್ಕಕ್ಕೆ ಸರಿಸುತ್ತೇನೆ. ಅಲ್ಲಿ ಮೇಲಿಂದ ಏನೂ ಬೀಳುವುದಿಲ್ಲ. ಓಕ್ ಕೆಳಗಿನ ಆ ಜಾಗಕ್ಕೆ ಇನ್ನೊಂದು ಬ್ಲೂ ಏಂಜಲ್.