ಫಾರ್ಮಲ್ಲಿ ಹತ್ತಕ್ಕೆ ಹತ್ತು, ವಾಯ್ಸಲ್ಲಿ ಗೊಬ್ಬರ

ಮಳೆಗಾಲ ಶುರು ಆದ್ರೆ ನಮ್ಮ ಕಾಸರಗೋಡಲ್ಲಿ ರೆಡ್ ಅಲರ್ಟ್, ಕಲೆಕ್ಟರ್ ರಜೆ, ಮತ್ತೆ "ಟೀಚರೇ, ಆನ್‌ಲೈನಲ್ಲಿ ಒಂದು ಟೆಸ್ಟ್ ಇಡ್ಲಿಕ್ಕೆ ಯಾವುದು ಒಳ್ಳೇದು" ಅಂತ ಹೊಸಬ್ರು ಕೇಳುದು, ಇದು ಮಾಮೂಲು. ನಾನು 2020-21ರಲ್ಲಿ, ಕೊರೋನಾಕ್ಕೆ ಶಾಲೆ ಮುಚ್ಚಿದ್ದಾಗ, ಪೆರ್ಲದ ಆಚೆ ಏಳನೇ ಕ್ಲಾಸಿಗೆ ವಿಜ್ಞಾನ ಮಾಡುವಾಗ ಕಹೂಟ್ (ಫೋನಲ್ಲಿ ಒತ್ತಿ ಆಡುವ ಕ್ವಿಜ್ ಆಟ), ಗೂಗಲ್ ಫಾರ್ಮ್ (ಲಿಂಕ್ ಕಳಿಸಿ ಉತ್ತರ ತುಂಬಿಸುದು), ಬರೀ ವಾಟ್ಸಾಪ್ ವಾಯ್ಸ್, ಮೂರನ್ನೂ ಮಾಡಿ ನೋಡಿದವಳು. 34 ಮಕ್ಕಳು, ಕನ್ನಡ ಮೀಡಿಯಂ, ಮನೆಯಲ್ಲಿ ಮಾತ್ರ ತುಳು, ಮಲೆಯಾಳ, ಹವ್ಯಕ, ಮರಾಠಿ ಎಲ್ಲ ಉಂಟು.

ಕಹೂಟಿನ ವಿಷಯ ಬೇಗ ಮುಗಿಸ್ತೇನೆ. ಕ್ಲಾಸಿನ ಒಳಗೆ ಆಡಿಸ್ಲಿಕ್ಕೆ ಭಾರೀ ಮಜಾ. ಆದ್ರೆ ಬೇಗ ಒತ್ತಿದವನಿಗೆ ಪಾಯಿಂಟ್ ಜಾಸ್ತಿ ಅಲ್ವಾ, ಹಾಗಾಗಿ ದೂರದಿಂದ ಆಡಿಸಿದ್ರೆ ರೇಂಜ್ ಇದ್ದವನೇ ಬುದ್ಧಿವಂತ, ಗುಡ್ಡೆ ಹತ್ತಿ ಗೇರುಮರದ ಬುಡದಲ್ಲಿ ಕೂತ ಹುಡುಗಿಗೆ ಪ್ರಶ್ನೆ ತಲುಪುವಾಗ ಟೈಮೇ ಮುಗಿದಿರ್ತದೆ. ಮತ್ತೆ ಆಗ ನಾನು ಆಡಿಸಿದ ಲೈವ್ ಆಟದಲ್ಲಿ ಪ್ರಶ್ನೆ ಇದ್ದದ್ದು ಟೀಚರ ಸ್ಕ್ರೀನಲ್ಲಿ, ಮಕ್ಕಳ ಫೋನಲ್ಲಿ ಬರೀ ಬಣ್ಣದ ತ್ರಿಕೋನ, ಚೌಕ. ಅಂದ್ರೆ ಪ್ರಶ್ನೆ ನೋಡ್ಲಿಕ್ಕೆ ಗೂಗಲ್ ಮೀಟಿನ ವೀಡಿಯೊ ಬೇರೆ ಬೇಕಿತ್ತು, ಕಹೂಟ್ ಬೇರೆ ಬೇಕಿತ್ತು, ಇದ್ದದ್ದು ಒಂದು ಫೋನು, ಅದೂ ಅಪ್ಪನ ಕಿಸೆಯಲ್ಲಿ ತೋಟಕ್ಕೆ ಹೋಗಿಯಾಗಿದೆ ಮಾರಾಯ್ರೆ. ಎರಡು ಸಲ ಮಾಡಿದೆ, ಬಿಟ್ಟೆ.

ಫಾರ್ಮ್ ಹಾಗಲ್ಲ, ರಾತ್ರಿ ಅಪ್ಪ ಬಂದ ಮೇಲೆ ಮಾಡಿದ್ರೂ ಆಗ್ತದೆ, ಕ್ವಿಜ್ ಅಂತ ಸೆಟ್ ಮಾಡಿದ್ರೆ ಮಾರ್ಕ್ ತಾನೇ ಹಾಕ್ತದೆ, ಎಲ್ಲರ ಉತ್ತರ ಶೀಟಿಗೆ ಬೀಳ್ತದೆ, ಯಾವ ಪ್ರಶ್ನೆಯಲ್ಲಿ ತುಂಬ ಜನ ಬಿದ್ದಿದ್ದಾರೆ ಅಂತಲೂ ತೋರಿಸ್ತದೆ. ನನಗೆ ಅದರಲ್ಲಿ ಈ ಕೊನೇದೇ ದೊಡ್ಡ ಲಾಭ. ಎಡವಿದ್ದು ಚಿಕ್ಕ ಉತ್ತರದ ಪ್ರಶ್ನೆಯಲ್ಲಿ. ಸರಿ ಉತ್ತರದ ಕೀಲಿಯಲ್ಲಿ ನಾನು "ದ್ಯುತಿಸಂಶ್ಲೇಷಣೆ" ಅಂತ ಒಂದೇ ರೂಪ ಕೊಟ್ಟಿದ್ದೆ, ಒಬ್ಬ ಮಧ್ಯ ಜಾಗ ಬಿಟ್ಟು ಟೈಪ್ ಮಾಡಿದ, ಒಬ್ಬಳು "ಷ" ಹೋಗಿ "ಶ" ಹಾಕಿದ್ಳು, ಕೇರಳ ಸರ್ಕಾರದ ವಿಕ್ಟರ್ಸ್ ಚಾನೆಲಲ್ಲಿ ಬರ್ತಿದ್ದ ಫಸ್ಟ್ ಬೆಲ್ ಪಾಠವನ್ನು ಮಲೆಯಾಳದಲ್ಲೇ ನೋಡಿದ ಇನ್ನೊಬ್ಬ "ಪ್ರಕಾಶಸಂಶ್ಲೇಷಣ" ಅಂತ ಬರೆದ. ಎಲ್ಲರಿಗೂ ಸೊನ್ನೆ. ತಪ್ಪು ನಂದೇ, ಕೀಲಿಯಲ್ಲಿ ನಾಲ್ಕೈದು ರೂಪ ಸೇರಿಸ್ಲಿಕ್ಕೆ ಆಗ್ತದೆ, ಆದ್ರೆ ಮಕ್ಕಳು ಎಷ್ಟು ಥರ ಬರೀತಾರೆ ಅಂತ ಮೊದಲೇ ಯಾರಿಗೆ ಗೊತ್ತಿರ್ತದೆ? ಆಮೇಲೆ ಫಾರ್ಮಲ್ಲಿ ಬರೀ ಆಯ್ಕೆ ಪ್ರಶ್ನೆಗೇ ಬಂದು ನಿಂತೆ. ಅಲ್ಲಿ ಕಾಪಿ. ರಾತ್ರಿ ಒಂಬತ್ತರಿಂದ ಒಂಬತ್ತೂ ಹತ್ತರ ಒಳಗೆ ನಾಲ್ಕು ಜನ ಕಳಿಸಿದ್ದಾರೆ, ನಾಲ್ವರದ್ದೂ ಏಳನೇದು ತಪ್ಪು, ಅದೂ ಒಂದೇ ತಪ್ಪು. ನಾನಿಲ್ಲದ ಇನ್ನೊಂದು ಗ್ರೂಪ್ ಇತ್ತಂತೆ, ಆಮೇಲೆ ಗೊತ್ತಾದ್ದು.

ವಾಯ್ಸ್ ನಾನು ಪರೀಕ್ಷೆ ಅಂತ ಶುರು ಮಾಡಿದ್ದೇ ಅಲ್ಲ. ಟೈಪ್ ಮಾಡ್ಲಿಕ್ಕೆ ಕಷ್ಟ ಆಗುವವರಿಗೆ "ಒಂದೂವರೆ ನಿಮಿಷ ಮಾತಾಡಿ ಕಳಿಸಿ, ಅಡಕೆ ಮರ ಊಟ ಹೇಗೆ ಮಾಡ್ತದೆ" ಅಂದೆ, ಅಷ್ಟೆ. ಫಾರ್ಮಲ್ಲಿ ಹತ್ತಕ್ಕೆ ಹತ್ತು ತೆಗೆದ ಹುಡುಗನ ವಾಯ್ಸ್ ಬಂತು, "ಟೀಚರೇ, ಮರ ಬೇರಿಂದ ಗೊಬ್ಬರ ತಿಂತದೆ, ಅದಕ್ಕೇ ನಮ್ಮ ಅಪ್ಪ ಬುಡಕ್ಕೆ ಗೊಬ್ಬರ ಹಾಕುದು." ಆಯ್ಕೆ ಪ್ರಶ್ನೆಯಲ್ಲಿ ಹರಿತ್ತು, ಸೂರ್ಯನ ಬೆಳಕು, ಇಂಗಾಲದ ಡೈಆಕ್ಸೈಡ್ ಎಲ್ಲ ಸರಿ ಒತ್ತಿದವನು ಇವನೇ! ಶಬ್ದ ಗೊತ್ತುಂಟು, ಆಹಾರ ತಯಾರಾಗುದು ಎಲೆಯಲ್ಲಿ ಅಂತ ಮನಸ್ಸಿಗೆ ಹೋಗ್ಲಿಲ್ಲ. ತೋಟದ ಮನೆಯ ಹುಡುಗನಿಗೆ ಗೊಬ್ಬರವೇ ಊಟ ಅಂತ ಕಾಣುದು ಸಹಜ, ಆದ್ರೆ ಯಾವ ಫಾರ್ಮ್ ಇದನ್ನು ನನಗೆ ಹೇಳ್ತಿತ್ತು?

ಕಷ್ಟವೂ ಹೇಳ್ಬೇಕು. 34 ಜನರದ್ದು ಒಂದೂವರೆ ನಿಮಿಷ ಅಂದ್ರೆ 51 ನಿಮಿಷ ಬರೀ ಕೇಳುದು, ನಡುವೆ ಕೋಳಿ, ಮಿಕ್ಸಿ, ಮಳೆ. 2021ರಲ್ಲಿ ಸ್ಪೀಡ್ ಜಾಸ್ತಿ ಮಾಡಿ ಕೇಳುವ ಬಟನ್ ಬಂದಾಗ ನನಗೆ ಸಂಬಳ ಜಾಸ್ತಿ ಆದಷ್ಟು ಖುಷಿ. ಮಾರ್ಕ್ ಕೈಯಲ್ಲೇ ಪುಸ್ತಕಕ್ಕೆ ಬರ್ಕೊಳ್ಬೇಕು, ಫೋನ್ ಮೆಮೊರಿ ವಾರಕ್ಕೆ ಫುಲ್. ಇಲ್ಲಿ ಕಾಪಿ ಇಲ್ಲ ಅಂತಲ್ಲ, ಒಂದು ವಾಯ್ಸಲ್ಲಿ ಹಿಂದಿನಿಂದ ಅಜ್ಜಿ ತುಳುವಲ್ಲಿ "ಬೊಲ್ಪು ಪಣ್ಲ" (ಬೆಳಕು ಅಂತ ಹೇಳು) ಅಂತ ಪಿಸಪಿಸ ಹೇಳಿಕೊಡುದು ಚೆಂದ ಕೇಳ್ತದೆ. ಬೆಳಕು ಅಂತ ಅಜ್ಜಿಗೆ ಗೊತ್ತಿತ್ತಲ್ಲ, ಅದೂ ಸಂತೋಷವೇ.

ಈಗ ನಾನು ಮಾಡುದು ಹೀಗೆ. ಮಳೆ ರಜೆಗೆ ಐದೇ ಪ್ರಶ್ನೆಯ ಫಾರ್ಮ್, ಅದಕ್ಕೆ ಮಾರ್ಕ್ ಇಲ್ಲ, ಎಲ್ಲಿ ಬಿದ್ದಿದ್ದಾರೆ ನೋಡ್ಲಿಕ್ಕೆ ಮಾತ್ರ. ಬಿದ್ದ ಜಾಗದ್ದು ಒಂದೇ ಪ್ರಶ್ನೆ ವಾಯ್ಸಲ್ಲಿ, ದಿನಕ್ಕೆ ಹತ್ತು ಮಕ್ಕಳು ಸಾಕು. ಕಹೂಟ್ ಶಾಲೆ ತೆರೆದ ಮೇಲೆ, ಶುಕ್ರವಾರ ಕೊನೇ ಪಿರಿಯಡ್‌ಗೆ.

ಆ ಗೊಬ್ಬರದ ಹುಡುಗನಿಗೆ ನಾನು ತಿರುಗಿ ವಾಯ್ಸ್ ಹಾಕಿದ್ದೆ, ಗುಡ್ಡೆಯ ಮರಕ್ಕೆ ಯಾರು ಗೊಬ್ಬರ ಹಾಕ್ತಾರೆ, ಅದು ಎಂತ ತಿಂತದೆ ಅಂತ. ಮರುದಿನ ಹನ್ನೊಂದು ಸೆಕೆಂಡಿನದ್ದು ಬಂತು: "ಟೀಚರೇ, ಹಾಗಾದ್ರೆ ಅಪ್ಪ ಗೊಬ್ಬರ ಹಾಕುದು ಎಂತಕ್ಕೆ?"